ಹೊಸ ಸಸಿ ಫಲ ಕೊಡುವ ತನಕ ಹಳೆಯ ಮರವಿರಲಿ

ರೇಡಿಯೋ ಎಂಬುದು ನಮ್ಮ ತೆಂಗಿನ ಸೀಮೆಯ ಮನೆಗಳಿಗೆ ಕೇವಲ ಮನರಂಜನೆಯ ಪೆಟ್ಟಿಗೆಯಾಗಿರಲಿಲ್ಲ. ಹಾಲ್ಕುರಿಕೆಯಂತಹ ಊರುಗಳಲ್ಲಿ ಬೆಳಗಿನ ಪೂಜೆಯ ಹೊತ್ತಿಗೆ ವಚನಗಾಯನವನ್ನೂ, ಊಟದ ಹೊತ್ತಿಗೆ ಪ್ರದೇಶ ಸಮಾಚಾರವನ್ನೂ, ಸಂಜೆ ತೋಟದಿಂದ ಹಿಂದಿರುಗಿದ ರೈತನಿಗೆ ಕೃಷಿಯ ಮಾತನ್ನೂ ತಲಪಿಸಿದ್ದು ಆ ಪೆಟ್ಟಿಗೆಯೇ. ಕಾಯಿ ಸುಲಿಯುವವರ ಪಕ್ಕದಲ್ಲಿ, ಕೊಬ್ಬರಿ ಒಡೆಯುವವರ ನಡುವೆ, ಕೆಲಸಕ್ಕೆ ಅಡ್ಡಿ ಬಾರದಂತೆ ಅದು ಮಾತನಾಡುತ್ತಿತ್ತು. ಓದು ಬಾರದವರಿಗೂ ಲೋಕದ ಸುದ್ದಿ ತಿಳಿಸಿದ ಉಪಕಾರ ಅದರದು.

ಆ ರೇಡಿಯೋ ಈಗ ರೂಪ ಬದಲಿಸುತ್ತಿದೆ. ಇದುವರೆಗೆ ನಾವು ಕೇಳುತ್ತ ಬಂದುದು ಅನಲಾಗ್ ಪದ್ಧತಿಯ ಪ್ರಸಾರ. ಮುಂದೆ ಬರಲಿರುವುದು ಡಿಜಿಟಲ್ ಪದ್ಧತಿಯದು. ಇವೆರಡರ ಗುಣವೇನು, ದೋಷವೇನು, ಇದರಿಂದ ಹಳ್ಳಿಯ ಮನೆಗೆ ಒದಗುವ ಲಾಭವೆಷ್ಟು ಎಂಬುದನ್ನು ಓದುಗ ಬಂಧುಗಳೊಡನೆ ವಿಚಾರ ಮಾಡುವುದು ಈ ಸಲದ ನಮ್ಮ ಉದ್ದೇಶ. ಯಂತ್ರದ ವಿಷಯವೆಂದು ಇದನ್ನು ಯಂತ್ರ ಬಲ್ಲವರಿಗೆ ಮಾತ್ರ ಬಿಟ್ಟುಕೊಡುವಂತಿಲ್ಲ. ಹಳೆಯ ಪ್ರಸಾರ ನಿಂತ ದಿನ ಯಾರ ಮನೆಯ ರೇಡಿಯೋ ಮೂಕವಾಗುತ್ತದೆ ಎಂಬ ಪ್ರಶ್ನೆ ಇದರೊಳಗೆ ಅಡಗಿದೆ.

ರೇಡಿಯೋ ಪ್ರಸಾರದಲ್ಲಿ ಕನ್ನಡ ನಾಡಿಗೆ ಹಿರಿದಾದ ಸ್ಥಾನವಿದೆ. 1935ರಲ್ಲಿ ಮೈಸೂರಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ 30 ವ್ಯಾಟಿನ ಒಂದು ಪುಟ್ಟ ಯಂತ್ರವನ್ನಿಟ್ಟುಕೊಂಡು ಪ್ರಸಾರ ಆರಂಭಿಸಿದರು. ಆ ನಿಲಯದ ಹೆಸರು 'ಆಕಾಶವಾಣಿ'. ಮುಂದೆ ಇಡೀ ದೇಶದ ರೇಡಿಯೋ ಸಂಸ್ಥೆಗೆ ಅದೇ ಹೆಸರು ನಿಂತಿತು. 1950ರಲ್ಲಿ ಧಾರವಾಡದ ನಿಲಯವೂ 1955ರ ನವೆಂಬರ್ 2ರಂದು ಬೆಂಗಳೂರಿನ ನಿಲಯವೂ ಆರಂಭವಾದವು. ಧಾರವಾಡ ನಿಲಯಕ್ಕೆ ಸಂಗೀತ ಸಲಹೆಗಾರರಾಗಿದ್ದ ಮಲ್ಲಿಕಾರ್ಜುನ ಮನ್ಸೂರರು ತಮ್ಮ ಕಂಠದಿಂದ ಶರಣರ ವಚನಗಳಿಗೆ ಕೊಟ್ಟ ನಾದವನ್ನು ನಮ್ಮ ಹಿರಿಯರಲ್ಲಿ ಅನೇಕರು ಮೊದಲು ಕೇಳಿದ್ದು ರೇಡಿಯೋ ಮೂಲಕವೇ.

ಇನ್ನು ಅನಲಾಗ್ ಎಂದರೇನು? ಹಾಡುವವನ ದನಿ ಹೇಗೆ ಏರಿಳಿಯುವುದೋ ಹಾಗೆಯೇ ರೇಡಿಯೋ ಅಲೆಯನ್ನೂ ಏರಿಳಿಸಿ ಕಳುಹಿಸುವ ಕ್ರಮ ಅದು. ಮಧ್ಯಮ ತರಂಗದಲ್ಲಿ, ಅಂದರೆ ಮೀಡಿಯಂ ವೇವ್‌ನಲ್ಲಿ, ಅಲೆಯ ಬಲ ಏರಿಳಿಯುತ್ತದೆ, ಎಫ್.ಎಂ.ನಲ್ಲಿ ಅಲೆಯ ಆವರ್ತನ ಹೆಚ್ಚುಕಡಿಮೆಯಾಗುತ್ತದೆ. ಮಧ್ಯಮ ತರಂಗದ ದೊಡ್ಡ ಗುಣ ಅದರ ಹರವು. ಅದು ನೆಲವನ್ನು ಹಿಡಿದು ಬಹುದೂರ ಸಾಗುತ್ತದೆ. ಬೆಂಗಳೂರು ನಿಲಯದ 612 ಕಿಲೋಹರ್ಟ್ಸ್ ಪ್ರಸಾರಕ್ಕಿದ್ದ 200 ಕಿಲೋವ್ಯಾಟಿನ ಬಲದಿಂದಾಗಿ ಸುಮಾರು 140 ಕಿಲೋಮೀಟರು ದೂರದ ತಿಪಟೂರು, ಹತ್ತಿರದ ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೋಟದ ಮನೆಗಳಿಗೂ ರಾಜಧಾನಿಯ ದನಿ ತಲಪುತ್ತಿತ್ತು. ಎಫ್.ಎಂ. ದನಿ ಇದಕ್ಕಿಂತ ಶುಭ್ರವಾದುದು. ಆದರೆ ಅದು ಗೋಪುರದ ಕಣ್ಣಳತೆಯಷ್ಟೇ ದೂರ ಹೋಗುವಂಥದು. ದೊಡ್ಡ ನಿಲಯವಾದರೂ ಐವತ್ತು ಅರವತ್ತು ಕಿಲೋಮೀಟರು ದಾಟಿದ ಮೇಲೆ ಕ್ಷೀಣಿಸುತ್ತದೆ. ಹಾಸನದಲ್ಲಿ, ಚಿತ್ರದುರ್ಗದಲ್ಲಿ, ಬೆಂಗಳೂರಿನಲ್ಲಿ ಎಫ್.ಎಂ. ಇದ್ದರೂ ಅವುಗಳ ನಡುವಿನ ಹಳ್ಳಿಗಳಿಗೆ ಮಧ್ಯಮ ತರಂಗವೇ ಆಸರೆಯಾದದ್ದು ಈ ಕಾರಣದಿಂದ.

ಅನಲಾಗಿನ ದೋಷವನ್ನೂ ಮುಚ್ಚಿಡಬೇಕಾಗಿಲ್ಲ. ದನಿಯ ಜೊತೆಗೆ ದಾರಿಯ ಸದ್ದೆಲ್ಲವನ್ನೂ ಅದು ಹೊತ್ತು ತರುತ್ತದೆ. ಗುಡುಗಿದರೆ ಚಟಚಟ, ಪಂಪ್‌ಸೆಟ್ಟಿನ ಸ್ಟಾರ್ಟರ್ ಒತ್ತಿದರೆ ಗರಗರ. ಹಿಂದಿಗಿಂತ ಇಂದು ಈ ತೊಂದರೆ ಹೆಚ್ಚು. ಮನೆಮನೆಯಲ್ಲಿರುವ ಎಲ್‌ಇಡಿ ದೀಪ, ಮೊಬೈಲ್ ಚಾರ್ಜರ್, ಇನ್ವರ್ಟರುಗಳು ಮಧ್ಯಮ ತರಂಗವನ್ನು ಕೆಡಿಸುತ್ತವೆ. ರಾತ್ರಿಯಾದರೆ ಮೇಲಿನ ವಾಯುಮಂಡಲದ ಸ್ಥಿತಿ ಬದಲಾಗಿ ದೂರದ ನಿಲಯಗಳ ಅಲೆಗಳು ಪ್ರತಿಫಲಿಸಿ ಬಂದು ಹತ್ತಿರದ ನಿಲಯದ ಮೇಲೆ ಕೂರುತ್ತವೆ. ರೇಡಿಯೋ ಕೆಟ್ಟಿದೆಯೆಂದು ಅಟ್ಟಕ್ಕೆ ಹಾಕಿದ ಅನೇಕರ ಮನೆಯಲ್ಲಿ ಕೆಟ್ಟಿದ್ದುದು ರೇಡಿಯೋ ಅಲ್ಲ, ಅದರ ಸುತ್ತಲಿನ ವಿದ್ಯುತ್ ಗದ್ದಲ.

ಡಿಜಿಟಲ್ ಪದ್ಧತಿಯು ದನಿಯನ್ನು ಅಂಕಿಗಳನ್ನಾಗಿ ಪರಿವರ್ತಿಸಿ ಕಳುಹಿಸುತ್ತದೆ. ನಮ್ಮ ಕಡೆಯ ಪೆಟ್ಟಿಗೆ ಆ ಅಂಕಿಗಳನ್ನು ಓದಿ ಮತ್ತೆ ದನಿಯನ್ನಾಗಿಸುತ್ತದೆ. ದಾರಿಯಲ್ಲಿ ಕೆಲವು ಅಂಕಿಗಳು ಅಳಿಸಿಹೋದರೂ ಉಳಿದವುಗಳಿಂದ ಲೆಕ್ಕ ಹಾಕಿ ತುಂಬಿಕೊಳ್ಳುವ ವ್ಯವಸ್ಥೆ ಅದರಲ್ಲಿದೆ. ಆದ್ದರಿಂದ ಮಧ್ಯಮ ತರಂಗದಲ್ಲಿಯೇ ಎಫ್.ಎಂ.ಗೆ ಸಮೀಪವಾದ ಶುಭ್ರ ದನಿ ಸಾಧ್ಯ. ಒಂದೇ ಆವರ್ತನದ ಮೇಲೆ ಒಂದಕ್ಕಿಂತ ಹೆಚ್ಚು ಕಾರ್ಯಕ್ರಮಗಳನ್ನು ಕಳುಹಿಸಬಹುದು. ದನಿಯ ಜೊತೆಗೆ ಪೇಟೆಯ ಧಾರಣೆ, ಹವಾಮಾನ, ಪಾಠದ ಸಾರಾಂಶಗಳನ್ನು ಅಕ್ಷರ ರೂಪದಲ್ಲಿಯೂ ಕಳುಹಿಸಬಹುದು. ಅದೇ ಪ್ರದೇಶವನ್ನು ಮುಟ್ಟಲು ಪ್ರಸಾರ ಕೇಂದ್ರಕ್ಕೆ ಬೇಕಾಗುವ ವಿದ್ಯುತ್ತೂ ಕಡಮೆ. ವಿಪತ್ತಿನ ಸಮಯದಲ್ಲಿ ಪೆಟ್ಟಿಗೆಯು ತಾನಾಗಿಯೇ ಎಚ್ಚರಿಕೆಯ ಪ್ರಸಾರಕ್ಕೆ ತಿರುಗಿಕೊಳ್ಳುವಂತೆ ಮಾಡುವ ಏರ್ಪಾಡೂ ಇದೆ. ಇವು ಸಣ್ಣ ಲಾಭಗಳಲ್ಲ.

ನಮ್ಮ ಆಕಾಶವಾಣಿಯು ಇದಕ್ಕಾಗಿ ಆರಿಸಿಕೊಂಡ ಪದ್ಧತಿಯ ಹೆಸರು ಡಿಜಿಟಲ್ ರೇಡಿಯೋ ಮೊಂಡಿಯಾಲ್, ಸಂಕ್ಷೇಪವಾಗಿ ಡಿ.ಆರ್.ಎಂ. ದೆಹಲಿಯ ಬಳಿಯ ಖಾಂಪುರದಿಂದ 2009ರಲ್ಲಿ ಇದರ ಪ್ರಸಾರ ಮೊದಲಾಯಿತು. ಅನಂತರದ ವರ್ಷಗಳಲ್ಲಿ ದೇಶದ ಮೂವತ್ತಕ್ಕೂ ಹೆಚ್ಚು ಮಧ್ಯಮ ತರಂಗ ಕೇಂದ್ರಗಳಿಗೆ ಈ ಸಾಮರ್ಥ್ಯವುಳ್ಳ ಯಂತ್ರಗಳು ಬಂದವು. ಬೆಂಗಳೂರು, ಧಾರವಾಡ ಎರಡೂ ಆ ಪಟ್ಟಿಯಲ್ಲಿವೆ. ಒಂದೇ ಯಂತ್ರದಿಂದ ಹಳೆಯ ದನಿಯನ್ನೂ ಹೊಸ ದನಿಯನ್ನೂ ಅಕ್ಕಪಕ್ಕದಲ್ಲಿಟ್ಟು ಕಳುಹಿಸಲು ಇದರಲ್ಲಿ ಅನುಕೂಲವುಂಟು.

ಹಾಗಾದರೆ ಹಿಂಜರಿಕೆಯೇಕೆ ಎಂದು ಓದುಗರು ಕೇಳಬಹುದು. ಕಳುಹಿಸುವವರ ಕಡೆ ಯಂತ್ರ ಬಂದಿತು. ಕೇಳುವವರ ಕಡೆ ಬರಲಿಲ್ಲ. ಕೆಲವು ಹೊಸ ಕಾರುಗಳಲ್ಲಿ ಡಿ.ಆರ್.ಎಂ. ಹಿಡಿಯುವ ರೇಡಿಯೋ ಇದೆ. ಕಾರಿನ ಒಡೆಯರಲ್ಲಿ ಎಷ್ಟೋ ಮಂದಿಗೆ ಅದು ತಮ್ಮಲ್ಲಿದೆಯೆಂಬುದೇ ತಿಳಿಯದು. ಮನೆಯಲ್ಲಿಟ್ಟು ಕೇಳುವ ಪೆಟ್ಟಿಗೆಗಾದರೋ ಸಾವಿರಾರು ರೂಪಾಯಿ ತೆರಬೇಕು, ಸಣ್ಣ ಪಟ್ಟಣದ ಅಂಗಡಿಗಳಲ್ಲಿ ಅದು ಸುಲಭವಾಗಿ ದೊರೆಯುವುದೂ ಇಲ್ಲ. ಸಾಮಾನ್ಯ ರೇಡಿಯೋ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಎರಡು ಸೆಲ್ಲು ಹಾಕಿದರೆ ವಾರಗಟ್ಟಲೆ ನಡೆಯುತ್ತದೆ. ಅಂಕಿಗಳನ್ನು ಓದಿ ಲೆಕ್ಕ ಹಾಕಬೇಕಾದ ಡಿಜಿಟಲ್ ಪೆಟ್ಟಿಗೆ ಅದಕ್ಕಿಂತ ಹೆಚ್ಚು ಬ್ಯಾಟರಿ ತಿನ್ನುತ್ತದೆ. ಕರೆಂಟು ಕೈಕೊಟ್ಟ ಮಳೆಗಾಲದ ರಾತ್ರಿಯಲ್ಲಿ ಇದು ಅಲ್ಪ ವಿಷಯವಲ್ಲ.

ಇನ್ನೊಂದು ವ್ಯತ್ಯಾಸವನ್ನು ಗಮನಿಸಬೇಕು. ಅಲೆಯ ಬಲ ಕುಂದಿದಾಗ ಅನಲಾಗ್ ರೇಡಿಯೋ ಮೆಲ್ಲಮೆಲ್ಲನೆ ಮಂಕಾಗುತ್ತದೆ. ಗರಗರದ ನಡುವೆಯೂ ಕಿವಿಗೊಟ್ಟರೆ ಮಾತಿನ ಅರ್ಥ ತಿಳಿಯುತ್ತದೆ. ಡಿಜಿಟಲ್ ರೇಡಿಯೋದ ಸ್ವಭಾವ ಬೇರೆ. ಬಲ ಒಂದು ಮಟ್ಟದಲ್ಲಿರುವವರೆಗೆ ದನಿ ನಿರ್ಮಲ. ಆ ಮಟ್ಟಕ್ಕಿಂತ ಇಳಿದೊಡನೆ ದನಿ ತುಂಡುತುಂಡಾಗಿ ಪೂರ್ಣ ಮೌನ. ಒಂದು ಬಾವಿಯ ನೀರು ಬೇಸಗೆಯಲ್ಲಿ ಕೆಸರಾಗಿಯಾದರೂ ಸಿಗುವುದಕ್ಕೂ, ಇನ್ನೊಂದು ಬಾವಿಯ ನೀರು ತಿಳಿಯಾಗಿದ್ದು ಒಂದೇ ದಿನ ಬತ್ತಿಹೋಗುವುದಕ್ಕೂ ಇರುವ ಅಂತರ ಇದು. ಪ್ರಸಾರದ ಅಂಚಿನಲ್ಲಿರುವ ಊರುಗಳವರು ಈ ಅಂತರವನ್ನು ಮರೆಯಬಾರದು. ಜೊತೆಗೆ, ಲೆಕ್ಕ ಹಾಕಲು ಬೇಕಾಗುವ ಹೊತ್ತಿನಿಂದಾಗಿ ಡಿಜಿಟಲ್ ದನಿ ಕೆಲವು ಸೆಕೆಂಡು ತಡವಾಗಿ ಬರುತ್ತದೆ. ವಾರ್ತೆಯ ಮುಂಚಿನ ಸದ್ದು ಕೇಳಿ ಗಡಿಯಾರ ಸರಿಮಾಡಿಕೊಳ್ಳುವ ಹಿರಿಯರ ರೂಢಿಗೆ ಅದು ಒಗ್ಗುವುದಿಲ್ಲ.

ಹೊರದೇಶಗಳ ಅನುಭವವೂ ವಿಚಾರಕ್ಕೆ ಯೋಗ್ಯವಾಗಿದೆ. ನಾರ್ವೆ ದೇಶವು 2017ರಲ್ಲಿ ರಾಷ್ಟ್ರೀಯ ನಿಲಯಗಳ ಎಫ್.ಎಂ. ಪ್ರಸಾರವನ್ನು ಹಂತಹಂತವಾಗಿ ಮುಚ್ಚಿ ಡಿಜಿಟಲ್ಲಿಗೆ ಸಾಗಿತು. ಆ ಕಾರ್ಯಕ್ರಮಗಳಿಗಾಗಿ ಜನರು ಹೊಸ ಪೆಟ್ಟಿಗೆ ಕೊಳ್ಳಬೇಕಾಯಿತು. ಅಲ್ಲಿಯೂ ಸ್ಥಳೀಯ ಸಣ್ಣ ನಿಲಯಗಳಲ್ಲಿ ಅನೇಕವು ಎಫ್.ಎಂ.ನಲ್ಲಿಯೇ ಉಳಿದವು. ಸ್ವಿಟ್ಜರ್ಲೆಂಡಿನ ಸಾರ್ವಜನಿಕ ಪ್ರಸಾರ ಸಂಸ್ಥೆಯು 2024ರ ಡಿಸೆಂಬರ್ 31ರಂದು ಎಫ್.ಎಂ. ನಿಲ್ಲಿಸಿದ ಮೇಲೆ ಅದರ ಕೇಳುಗರು ಕಡಮೆಯಾದರು. ಸಿರಿವಂತ ದೇಶಗಳ ಪಾಡೇ ಹೀಗಿರುವಾಗ ಕೂಲಿಯ ಹಣದಲ್ಲಿ ಸಂಸಾರ ನಡೆಸುವವರ ಮನೆಯ ಪಾಡನ್ನು ಮೊದಲು ಯೋಚಿಸಬೇಕಾದುದು ನ್ಯಾಯ.

ಮೊಬೈಲ್ ಇರುವಾಗ ರೇಡಿಯೋ ಚಿಂತೆಯೇಕೆ ಎಂಬ ಮಾತೂ ಕೇಳಿಬರುತ್ತದೆ. ಆಕಾಶವಾಣಿಯ ನಿಲಯಗಳು ಮೊಬೈಲಿನಲ್ಲಿಯೂ ದೊರೆಯುತ್ತವೆ ಎಂಬುದು ನಿಜ. ಊರು ಬಿಟ್ಟು ಹೊರನಾಡಿನಲ್ಲಿ ನೆಲೆಸಿದ ಮಕ್ಕಳಿಗೆ ಅದೊಂದು ವರ. ಆದರೆ ಅಂತರಜಾಲದ ಮೂಲಕ ಕೇಳುವುದಕ್ಕೆ ನೆಟ್‌ವರ್ಕ್ ಬೇಕು, ಡೇಟಾ ಹಣ ಬೇಕು, ಚಾರ್ಜ್ ಬೇಕು. ಮಳೆ ಗಾಳಿಗೆ ಕರೆಂಟು ಹೋದರೆ ಟವರ್ ಕೂಡ ಎಷ್ಟು ಹೊತ್ತು ನಿಂತೀತು? ಗಾಳಿಯಲ್ಲಿ ಬರುವ ರೇಡಿಯೋಗೆ ಕೇಳುಗರು ಸಾವಿರವಾದರೂ ಲಕ್ಷವಾದರೂ ಭಾರವಿಲ್ಲ. ಯಾರು ಏನನ್ನು ಕೇಳಿದರೆಂಬ ಲೆಕ್ಕವನ್ನೂ ಅದು ಇಡುವುದಿಲ್ಲ. 2023ರಲ್ಲಿ ಕೇಂದ್ರ ಸರ್ಕಾರವು ಮೊಬೈಲ್ ತಯಾರಕರಿಗೆ ಸೂಚನೆ ನೀಡಿ, ಫೋನಿನೊಳಗಿರುವ ಎಫ್.ಎಂ. ಸೌಲಭ್ಯವನ್ನು ಮುಚ್ಚದೆ ತೆರೆದಿಡಬೇಕೆಂದು ಹೇಳಿದ್ದು ವಿಪತ್ತಿನ ಕಾಲವನ್ನು ನೆನೆದೇ. ಅದೇ ವರ್ಷದ ಏಪ್ರಿಲ್ 28ರಂದು ದೇಶದಲ್ಲಿ ತಲಾ 100 ವ್ಯಾಟಿನ 91 ಎಫ್.ಎಂ. ಪ್ರಸಾರ ಯಂತ್ರಗಳು ಆರಂಭವಾದದ್ದೂ ಅನಲಾಗಿನ ಕಾಲ ಮುಗಿದಿಲ್ಲ ಎಂಬುದಕ್ಕೆ ಸಾಕ್ಷಿ. ತುಮಕೂರಿನ 'ರೇಡಿಯೋ ಸಿದ್ಧಾರ್ಥ'ದಂತಹ ಸಮುದಾಯ ಬಾನುಲಿಗಳು ಹುಟ್ಟಲು ಸಾಧ್ಯವಾದದ್ದೂ ಎಫ್.ಎಂ. ಯಂತ್ರ ಸರಳವಾಗಿದ್ದುದರಿಂದ, ಕೇಳುವ ಪೆಟ್ಟಿಗೆ ಅಗ್ಗವಾಗಿದ್ದುದರಿಂದ.

ಈ ಎಲ್ಲವನ್ನೂ ತೂಗಿ ನೋಡಿದಾಗ ನಮಗೆ ತೋರುವುದು ಇಷ್ಟು. ನಮ್ಮ ಸೀಮೆಯಲ್ಲಿ ತೋಟ ಹಳತಾದಾಗ ತಿಳಿದ ರೈತನು ಎಲ್ಲ ಮರಗಳನ್ನೂ ಒಂದೇ ದಿನ ಕಡಿದು ಹಾಕುವುದಿಲ್ಲ. ಹಳೆಯ ಮರಗಳ ನಡುವೆ ಹೊಸ ಸಸಿ ನೆಡುತ್ತಾನೆ. ತಿಪಟೂರಿನ ಎತ್ತರದ ತಳಿಯ ಸಸಿ ಫಲ ಕೊಡಲು ಆರೇಳು ವರ್ಷ ಬೇಕೆಂಬುದು ಅವನಿಗೆ ಗೊತ್ತು. ಅಲ್ಲಿಯವರೆಗೆ ಮನೆ ನಡೆಯುವುದು ಹಳೆಯ ಮರದ ಕಾಯಿಯಿಂದಲೇ. ಸಸಿಗೆ ಹೊಂಬಾಳೆ ಬಂದ ಮೇಲೆ ಹಳೆಯದರ ಸರದಿ. ಹೊಸ ಸಸಿ ನೆಡದಿರುವುದು ಮೂರ್ಖತನ; ಅದು ಫಲ ಕೊಡುವ ಮುನ್ನವೇ ಹಳೆಯ ಮರ ಕಡಿಯುವುದು ಅದಕ್ಕಿಂತ ದೊಡ್ಡ ಮೂರ್ಖತನ. ರೇಡಿಯೋ ವಿಷಯದಲ್ಲಿಯೂ ಇದೇ ನೀತಿ ಸಲ್ಲಬೇಕು. ಡಿಜಿಟಲ್ ಪ್ರಸಾರ ಬೆಳೆಯಲಿ. ಆದರೆ ಅದನ್ನು ಕೇಳುವ ಪೆಟ್ಟಿಗೆ ಕೂಲಿಕಾರನ ಕೈಗೆಟುಕುವ ಬೆಲೆಗೆ ಬರುವವರೆಗೆ ಹಳೆಯ ಪ್ರಸಾರ ನಿಲ್ಲದಿರಲಿ. ಖಾಸಗಿ ನಿಲಯಗಳ ವಿಷಯದಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು 2025ರಲ್ಲಿ ಮಾಡಿದ ಶಿಫಾರಸಿನಲ್ಲಿಯೂ ಅನಲಾಗ್ ಮತ್ತು ಡಿಜಿಟಲ್ ಎರಡನ್ನೂ ಜೊತೆಯಾಗಿ ನಡೆಸುವ ಮಾರ್ಗವನ್ನೇ ಸೂಚಿಸಿರುವುದು ಸಮಾಧಾನದ ಸಂಗತಿ.

ಮನೆಯ ಮಟ್ಟದಲ್ಲಿ ಮಾಡಬಹುದಾದುದನ್ನೂ ಹೇಳಿ ಮುಗಿಸುತ್ತೇವೆ. ಅಟ್ಟದ ಮೇಲಿರುವ ರೇಡಿಯೋವನ್ನು ಗುಜರಿಗೆ ಹಾಕುವ ಮುನ್ನ ಒಮ್ಮೆ ಕೆಳಗಿಳಿಸಿ ಹೊಸ ಸೆಲ್ಲು ಹಾಕಿ ನೋಡಿರಿ. ಚಾರ್ಜರ್, ಎಲ್‌ಇಡಿ ದೀಪಗಳಿಂದ ದೂರವಿಟ್ಟು, ಪೆಟ್ಟಿಗೆಯನ್ನೇ ನಿಧಾನವಾಗಿ ಆಚೀಚೆ ತಿರುಗಿಸಿರಿ. ಮಧ್ಯಮ ತರಂಗ ಹಿಡಿಯುವ ಏರಿಯಲ್ ಪೆಟ್ಟಿಗೆಯ ಒಳಗೇ ಇರುವುದರಿಂದ ದಿಕ್ಕು ಬದಲಾದರೆ ದನಿ ಸ್ಪಷ್ಟವಾಗಬಹುದು. ಬಳಸದಿರುವಾಗ ಸೆಲ್ಲು ತೆಗೆದಿಡಿರಿ. ಇಲ್ಲವಾದರೆ ಅದು ಸೋರಿ ಒಳಗಿನ ತಗಡನ್ನು ತಿನ್ನುತ್ತದೆ. ಫೋನಿನಲ್ಲಿ ಎಫ್.ಎಂ. ಇದ್ದರೆ ತಂತಿಯಿರುವ ಇಯರ್‌ಫೋನ್ ಸಿಕ್ಕಿಸಿ ಕೇಳಿರಿ. ಆ ತಂತಿಯೇ ಅದಕ್ಕೆ ಏರಿಯಲ್. ಡಿಜಿಟಲ್ ಪೆಟ್ಟಿಗೆ ಕೊಳ್ಳುವವರು ಅದು ಮೀಡಿಯಂ ವೇವ್, ಎಫ್.ಎಂ., ಡಿ.ಆರ್.ಎಂ. ಮೂರನ್ನೂ ಹಿಡಿಯುವುದೇ ಎಂದು ವಿಚಾರಿಸಿ, ತಮ್ಮ ಊರಿನಲ್ಲಿ ದನಿ ಸಿಗುವುದನ್ನು ಕಿವಿಯಾರೆ ಕೇಳಿದ ಮೇಲೆಯೇ ಹಣ ಕೊಡಲಿ. ಎಲ್ಲಕ್ಕಿಂತ ಮುಖ್ಯವಾಗಿ, ನಮ್ಮ ಊರಿನಲ್ಲಿ ಯಾವ ನಿಲಯ ಕೇಳುತ್ತದೆ, ಯಾವುದು ಕೇಳುವುದಿಲ್ಲ ಎಂಬುದನ್ನು ಒಂದು ಕಾಗದದಲ್ಲಿ ಬರೆದು ನಿಲಯಕ್ಕೆ ತಿಳಿಸಿರಿ. ಕೇಳುಗರೇ ಇಲ್ಲವೆಂದು ಭಾವಿಸಿದ ಪ್ರಸಾರವನ್ನು ಮುಚ್ಚುವುದು ಸುಲಭ. ಕೇಳುತ್ತಿದ್ದೇವೆಂದು ಹೇಳುವವರಿರುವ ಪ್ರಸಾರವನ್ನು ಮುಚ್ಚುವುದು ಅಷ್ಟು ಸುಲಭವಲ್ಲ.