ಎರಡು ಹಬ್ಬಗಳ ನಡುವಿನ ವಾರ

ವಿಜಯದಶಮಿಗೂ ನರಕ ಚತುರ್ದಶಿಗೂ ನಡುವೆ ಸುಮಾರು ಮೂರು ವಾರಗಳ ಅಂತರ. ಅದರಲ್ಲಿ ಭೂಮಿ ಹುಣ್ಣಿಮೆಯೂ ದಾಟಿದ ಮೇಲೆ ಬರುವ ವಾರಕ್ಕೆ ಯಾವ ವಿಶೇಷವೂ ಇರುವುದಿಲ್ಲ. ಆಯುಧಪೂಜೆಯಂದು ಆಟೋಗಳಿಗೆ ಕಟ್ಟಿದ ಬಾಳೆಕಂದು ಒಣಗಿ ಉದುರಿರುತ್ತದೆ. ಕಚೇರಿಯ ಕಂಪ್ಯೂಟರಿಗೆ ಹಚ್ಚಿದ ಕುಂಕುಮ ಮಾತ್ರ ಒರೆಸುವವರಿಲ್ಲದೆ ಉಳಿದಿರುತ್ತದೆ. ನಮ್ಮ ಆಯುಷ್ಯದ ಬಹುಪಾಲು ಕಳೆಯುವುದು ಇಂಥ ವಾರಗಳಲ್ಲೇ. ಆದರೂ ಅವುಗಳ ಬಗ್ಗೆ ನಾವು ಯೋಚಿಸುವುದು ಕಡಿಮೆ.

ನಿವೃತ್ತಿಯ ನಂತರ ಇಂಥ ವಾರವನ್ನು ನಿಂತು ನೋಡುವ ಬಿಡುವು ನನಗೆ ದೊರೆತಿದೆ. ಬೆಳಿಗ್ಗೆ ಹಾಲು ತರಲು ಹೊರಟರೆ ಪಕ್ಕದ ಮನೆಯ ಪಾರಿಜಾತ ರಸ್ತೆಯ ತುಂಬ ಉದುರಿರುತ್ತದೆ. ಪೌರಕಾರ್ಮಿಕ ಮಹಿಳೆಯೊಬ್ಬರು ಗುಡಿಸುವ ಮುನ್ನ ಒಂದು ಹಿಡಿ ಆಯ್ದು ಸೆರಗಿನ ತುದಿಗೆ ಕಟ್ಟಿಕೊಳ್ಳುತ್ತಾರೆ. ಮಳೆ ತೊಳೆದ ಆಕಾಶ, ಹದವಾದ ಬಿಸಿಲು, ತಳ್ಳುಗಾಡಿಯಲ್ಲಿ ಸೀತಾಫಲ. ಬೆಂಗಳೂರಿನ ಶರದೃತುವಿನಲ್ಲಿ ಸಂತೋಷಕ್ಕೆ ಹೆಚ್ಚಿನ ಖರ್ಚಿಲ್ಲ.

ಸಂಜೆಯ ಕಥೆ ಬೇರೆ. ಕಚೇರಿ ಬಿಡುವ ಹೊತ್ತಿಗೆ ಸರಿಯಾಗಿ ಗುಡುಗು ಸಹಿತ ಮಳೆ ಸುರಿಯುತ್ತದೆ, ಕೆಳಸೇತುವೆಯಲ್ಲಿ ನೀರು ನಿಲ್ಲುತ್ತದೆ, ಬಸ್ಸುಗಳು ಸಾಲುಗಟ್ಟುತ್ತವೆ. ಮೊನ್ನೆ ನನ್ನ ಮಗ ಮೊಮ್ಮಗಳಿಗೆಂದು ಕೊಂಡ ಸೀತಾಫಲ ನೂಕುನುಗ್ಗಲಿನಲ್ಲಿ ಚೀಲದೊಳಗೇ ಮುದ್ದೆಯಾಗಿತ್ತು. ಅವನು ಮನೆ ಸೇರಿದಾಗ ರಾತ್ರಿ ಒಂಬತ್ತು ಗಂಟೆ. ಮಗು ಕಾದು ಕಾದು ಮಲಗಿತ್ತು. ಅವನು ಏನೂ ಹೇಳದೆ ಚೀಲ ತೊಳೆದಿಟ್ಟ. ಇದು ದೂರು ಸಲ್ಲಿಸುವಂಥ ನೋವಲ್ಲ, ಸಲ್ಲಿಸಲು ಅದಕ್ಕೊಂದು ಕಚೇರಿಯೂ ಇಲ್ಲ.

2023ರ ಅಕ್ಟೋಬರ್‌ನಲ್ಲಿ ಉದ್ಯಮಿ ಎನ್.ಆರ್. ನಾರಾಯಣಮೂರ್ತಿಯವರು ನಮ್ಮ ಯುವಜನರು ವಾರಕ್ಕೆ 70 ಗಂಟೆ ದುಡಿಯಬೇಕೆಂದರು. ಅವರ ಕಳಕಳಿಯನ್ನು ಶಂಕಿಸುವ ಕಾರಣವಿಲ್ಲ. ದೇಶದ ಉತ್ಪಾದಕತೆ ಹೆಚ್ಚಬೇಕೆಂಬುದು ನಿಜ. ಆದರೆ ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದ ನನಗೆ ಒಂದು ಸಂದೇಹ. ಉತ್ಪಾದಕತೆಯೆಂದರೆ ಒಂದು ಗಂಟೆಯ ದುಡಿಮೆಯಿಂದ ದೊರೆಯುವ ಫಲ. ಗಂಟೆಗಳನ್ನು ಹೆಚ್ಚಿಸಿದರೆ ಒಟ್ಟು ಉತ್ಪನ್ನ ಹೆಚ್ಚಬಹುದು, ಉತ್ಪಾದಕತೆ ಹೆಚ್ಚಲೇಬೇಕೆಂದಿಲ್ಲ. ದಣಿದವನ ಹನ್ನೊಂದನೆಯ ಗಂಟೆ ಅವನ ಮೂರನೆಯ ಗಂಟೆಗೆ ಸಮವಲ್ಲ ಎಂಬುದನ್ನು ತಿಳಿಯಲು ಪದವಿಯೂ ಬೇಕಿಲ್ಲ.

ಚರಿತ್ರೆಯನ್ನೂ ಕೊಂಚ ನೆನೆಯಬೇಕು. 1919ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಮೊದಲ ಒಡಂಬಡಿಕೆ ಕೈಗಾರಿಕೆಗಳಿಗೆ ವಾರಕ್ಕೆ 48 ಗಂಟೆಗಳ ಮಿತಿ ವಿಧಿಸಿತು. ಆದರೆ ಬ್ರಿಟಿಷ್ ಇಂಡಿಯಾಕ್ಕೆ ವಿನಾಯಿತಿ ನೀಡಿ 60 ಗಂಟೆ ಎಂದಿತು. ಆ ತಾರತಮ್ಯ ದಾಟಿ ಸ್ವತಂತ್ರ ಭಾರತ 1948ರ ಕಾರ್ಖಾನೆಗಳ ಕಾಯ್ದೆಯಲ್ಲಿ 48 ಗಂಟೆಯ ವಾರವನ್ನು ಸ್ವೀಕರಿಸಿತು. 70 ಗಂಟೆಯೆಂದರೆ ವಸಾಹತು ಕಾಲದ ವಿನಾಯಿತಿಗಿಂತಲೂ 10 ಗಂಟೆ ಹೆಚ್ಚು. 1930ರಲ್ಲಿ ಜಾನ್ ಮೇನಾರ್ಡ್ ಕೇನ್ಸ್, ನೂರು ವರ್ಷಗಳ ನಂತರ ಮನುಷ್ಯನಿಗೆ ವಾರಕ್ಕೆ 15 ಗಂಟೆಯ ದುಡಿಮೆ ಸಾಕಾದೀತೆಂದು ಊಹಿಸಿದ್ದರು. ಆ ಗಡುವು ಹತ್ತಿರವಾಗಿದೆ; ಊಹೆ ಮಾತ್ರ ದೂರವೇ ಉಳಿದಿದೆ.

ಇನ್ನೊಂದು ಪ್ರಶ್ನೆ: ಆ 70 ಗಂಟೆಯಲ್ಲಿ ಯಾರ ದುಡಿಮೆ ಲೆಕ್ಕಕ್ಕೆ ಬರುತ್ತದೆ? ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಮಹಿಳೆಯರು ಅದಕ್ಕೆ ವ್ಯಯಿಸುತ್ತಿದ್ದುದು ದಿನಕ್ಕೆ ಸರಾಸರಿ 299 ನಿಮಿಷ. ಅಂಥ ಕೆಲಸ ಮಾಡುವ ಗಂಡಸರು ವ್ಯಯಿಸುತ್ತಿದ್ದುದು 97 ನಿಮಿಷ. ನನ್ನ ಸೊಸೆ ಐದೂವರೆಗೆ ಎದ್ದು ಮೂರು ಡಬ್ಬಿ ಕಟ್ಟಿ ಕಚೇರಿಗೆ ಹೊರಡುತ್ತಾಳೆ. ಅವಳ ವಾರ ಈಗಾಗಲೇ 70 ಗಂಟೆ ಮೀರಿದೆ. ಯಾವ ಹಾಜರಿ ಪುಸ್ತಕದಲ್ಲೂ ಅದು ದಾಖಲಾಗಿಲ್ಲ.

ಇಷ್ಟು ಹೇಳುವ ಅಧಿಕಾರ ನನಗಿದೆಯೇ ಎಂದು ಕೇಳಿಕೊಳ್ಳುತ್ತೇನೆ. ಹಲವು ವರ್ಷಗಳ ಹಿಂದೆ, ಇಂಥದೇ ಒಂದು ವಾರದಲ್ಲಿ, ನಮ್ಮ ಕಚೇರಿಯ ದ್ವಿತೀಯ ದರ್ಜೆ ಸಹಾಯಕರೊಬ್ಬರು ನಾಲ್ಕು ದಿನಗಳ ರಜೆ ಕೋರಿದರು. ಮಗಳ ಮದುವೆಯಾಗಿ ಮೊದಲ ದೀಪಾವಳಿ. ಅಳಿಯನನ್ನು ಕರೆಯಬೇಕು, ಊರಿನ ಮನೆಗೆ ಸುಣ್ಣ ಹೊಡೆಸಬೇಕು. ಅರ್ಧವಾರ್ಷಿಕ ಪ್ರಗತಿ ವರದಿ ಬಾಕಿಯಿತ್ತು. ಅರ್ಜಿಯ ಮೇಲೆ ‘ಸಾಧ್ಯವಿಲ್ಲ’ ಎಂದು ಬರೆದೆ. ಅವರು ಮರುಮಾತಾಡಲಿಲ್ಲ. ನೀರು ತುಂಬುವ ಹಬ್ಬದ ಸಂಜೆಯವರೆಗೂ ಕುಳಿತು ಅಂಕಿಅಂಶ ಮುಗಿಸಿ ರಾತ್ರಿ ಬಸ್ಸು ಹಿಡಿದರು. ಹಬ್ಬ ಕಳೆದು ಬಂದಾಗ, ‘ಮನೆಯಲ್ಲಿ ಮಾಡಿದ್ದು ಸಾರ್’ ಎಂದು ನನ್ನ ಮೇಜಿನ ಮೇಲೆ ಕಜ್ಜಾಯದ ಡಬ್ಬಿಯಿಟ್ಟರು. ಆ ವರದಿ ಮೇಲಿನ ಕಚೇರಿಯಲ್ಲಿ ಎರಡು ತಿಂಗಳು ಯಾರೂ ತೆರೆಯದೆ ಬಿದ್ದಿತ್ತೆಂದು ನನಗೆ ಆಮೇಲೆ ತಿಳಿಯಿತು. ಅವರಿಗೆ ಅದನ್ನು ಹೇಳುವ ಧೈರ್ಯ ನನಗಾಗಲಿಲ್ಲ.

ಮಲೆನಾಡಿನ ರೈತರು ಭೂಮಿ ಹುಣ್ಣಿಮೆಯಂದು ಪೈರು ಹೊತ್ತ ನೆಲವನ್ನು ಬಸುರಿಯೆಂದು ಭಾವಿಸಿ ಬಯಕೆಯ ಊಟ ಬಡಿಸುತ್ತಾರೆ. ಫಲ ಬೇಕಾದರೆ ಮೊದಲು ಉಪಚಾರ ಎಂಬ ತಿಳಿವಳಿಕೆ ಅದು. ನೆಲಕ್ಕೆ ತೋರುವ ಆ ದಾಕ್ಷಿಣ್ಯವನ್ನು ದುಡಿಯುವವರಿಗೂ ತೋರುವುದು ದೊಡ್ಡ ಸುಧಾರಣೆಯೇನಲ್ಲ. ಅದಕ್ಕೆ ಹೊಸ ಕಾಯ್ದೆಗಾಗಿ ಕಾಯಬೇಕಿಲ್ಲ. ಸಂಜೆ ಆರರ ನಂತರ ಸಭೆ ಕರೆಯದಿರುವುದು, ಹಬ್ಬದ ರಜೆಗೆ ತಕರಾರು ತೆಗೆಯದಿರುವುದು, ಮಳೆಯ ದಿನ ಅರ್ಧ ಗಂಟೆ ಮೊದಲೇ ಬಿಡುವುದು ಮೇಜಿನ ಈಚೆ ಕುಳಿತವರ ಕೈಯಲ್ಲೇ ಇದೆ. ನನ್ನ ಕೈಯಲ್ಲೂ ಇತ್ತು.

ಇನ್ನು ಕೆಲವೇ ದಿನಗಳಲ್ಲಿ ದೀಪಾವಳಿ. ಎಷ್ಟೋ ಮೇಜುಗಳ ಮೇಲೆ ಈಗ ರಜೆಯ ಅರ್ಜಿಗಳಿರಬಹುದು. ಓದುಗರಲ್ಲಿ ಅವಕ್ಕೆ ಸಹಿ ಹಾಕುವವರಿದ್ದರೆ, ಈ ವಾರವೇ ಹಾಕಿಬಿಡಿ.