ಹಾಲು ಉಕ್ಕೂ ಮೊದ್ಲ ಕೂಗಬೇಕ್ರಿ

ದಾರಿ ತೋರಿಸೋ ಆ್ಯಪು ಮೊದಲ "ಮುಂದ ಸ್ಪೀಡ್ ಕ್ಯಾಮೆರಾ ಐತಿ" ಅಂತ ಹೇಳ್ತಿತ್ತು. ನಮ್ಮ ಮನಿ ಫೋನಿನ್ಯಾಗ ಆ್ಯಪು ಅಪ್‌ಡೇಟ್ ಆದ ಮ್ಯಾಲ ಆ ಮಾತು ನಿಂತೈತಿ. ಎಡಕ್ಕ ತಿರಗ್ರಿ, ಬಲಕ್ಕ ತಿರಗ್ರಿ ಅಂತೈತಿ, ಕ್ಯಾಮೆರಾ ಬಂದ್ರ ಮಾತ್ರ ಸುಮ್ಮನ. ಅದನ್ನ ತಿರುಗಿ ತರಬೇಕು ಅನ್ನೋದು ನನ್ನ ಮಾತು.

"ತಪ್ಪು ಮಾಡೋರಿಗೆ ಸುಳಿವು ಕೊಟ್ಟಂಗ ಆಗ್ತೈತಲ್ಲ?" ಅಂತ ಬಾಜು ಮನಿ ಅಕ್ಕಾರು ಕೇಳಿದ್ರು. ತಗದು ಹಾಕೋ ಮಾತಲ್ಲ ಅದು. ಆದ್ರ ಒಲಿ ಮ್ಯಾಲಿನ ಹಾಲು ಉಕ್ಕಾಕ ಬಂದಾಗ ಯಾರರ ಕೂಗಿದ್ರ ಹಾಲು ಉಳಿತೈತಿ. ಉಕ್ಕಿ ಚೆಲ್ಲಿದ ಮ್ಯಾಲ ಬೈದ್ರ ಒಲಿ ಒರಸೋ ಕೆಲಸ ಅಷ್ಟ. ಗಾಡಿ ಸಾವಕಾಶ ಆಗಬೇಕೋ, ದಂಡ ಬರಬೇಕೋ, ಯಾವುದು ಬೇಕು ನಮಗ?

ಕಾನೂನಿನ್ಯಾಗೂ ಕದ್ದು ಹಿಡೀರಿ ಅಂತ ಇಲ್ಲ. 2021ರ ಆಗಸ್ಟ್‌ನ್ಯಾಗ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 167ಎ ಸೇರಿಸಿದ್ರು. ಕ್ಯಾಮೆರಾ ಇರೋ ರಸ್ತೆಗಿಂತ ಮೊದ್ಲ ಎದ್ದು ಕಾಣೋ ಹಂಗ ಎಚ್ಚರಿಕೆ ಬೋರ್ಡು ಹಾಕಬೇಕು, ನೋಟಿಸು 15 ದಿನದೊಳಗ ಕಳಸಬೇಕು ಅಂತ ಅದರಾಗ ಐತಿ. ರಾತ್ರಿ ಹೊತ್ತು ಮುಂದ ಒಂದು ಲಾರಿ ಇದ್ರ ಆ ಬೋರ್ಡು ಕಾಣಂಗಿಲ್ಲ. ಬೋರ್ಡು ಹೇಳೋದನ್ನ ಫೋನು ಹೇಳಿದ್ರ ತಪ್ಪೇನೈತಿ?

ಇನ್ನ ಆ 15 ದಿನದ ಮಾತು. ಗಾಡಿ ಅಪ್ಪನ ಹೆಸರಿಲೆ, ಓಡಿಸಾಂವ ಮಗ, ಮೆಸೇಜು ಬರೋದು ಅಪ್ಪನ ಮೊಬೈಲಿಗೆ. ಎಲ್ಲಿ, ಯಾವಾಗ, ಯಾರು ಅಂತ ನೆನಪ ಮಾಡ್ಕೊಳ್ಳೋದ್ರಾಗ ಮನ್ಯಾಗ ಜಗಳ. ಕಾಯ್ದೆದ 183ನೇ ಕಲಮಿನ ಪ್ರಕಾರ ಕಾರಿಗೆ ದಂಡ 1000ದಿಂದ 2000 ರೂಪಾಯಿ. ತಿಂಗಳ ಸಂತಿ ಖರ್ಚಿನ್ಯಾಗ ಅದು ಸಣ್ಣದಲ್ಲ.

ಬ್ಯಾರೆ ದೇಶದಾಗ ಇದಕ್ಕ ಒಂದ ರೀತಿ ಇಲ್ಲ. ಜರ್ಮನಿಯೊಳಗ ಗಾಡಿ ಓಡಿಸಾಂವ ಇಂಥ ಅಲರ್ಟ್ ಬಳಸೋ ಹಂಗಿಲ್ಲ. ಫ್ರಾನ್ಸ್‌ದವ್ರು ನಡುವಿನ ದಾರಿ ಹಿಡದಾರ: ಕ್ಯಾಮೆರಾ ಇಂಥಲ್ಲೇ ಐತಿ ಅನ್ನಂಗಿಲ್ಲ, ಇಷ್ಟು ದೂರ ಅಪಾಯದ ರಸ್ತಾ ಅನ್ನಬಹುದು. ದೊಡ್ಡ ಹೆದ್ದಾರಿಯೊಳಗ ಆ ದೂರ 4 ಕಿ.ಮೀ. ನನಗ ಇದು ಛಲೋ ಅನಸ್ತೈತಿ. ಯಾಕಂದ್ರ ಕಂಬ ಕಂಡಾಗ ಗಪ್ಪನ ಬ್ರೇಕ್ ಒತ್ತಿ, ದಾಟಿದ ಕೂಡ್ಲೆ ಮತ್ತ ಒದರಿಸೋರು ನಮ್ಮಲ್ಲಿ ಭಾಳ ಮಂದಿ ಅದಾರ. ಹಂಗ ಬ್ರೇಕ್ ಒತ್ತಿದ್ರ ಹಿಂದಿನ ಬೈಕಿನಾಂವನ ಗತಿ ಏನ್ರಿ? ನಾಲ್ಕು ಕಿಲೋಮೀಟರಿನ ಎಚ್ಚರಿಕೆ ಇದ್ರ ಉದ್ದಕೂ ಸಾವಕಾಶ ಹೋಗಲೇಬೇಕು.

ನಮ್ಮ ಜಿಲ್ಲೆಗೆ ಇದು ಭಾಳ ಬೇಕು. ಹೊಸಪೇಟೆಯಿಂದ ಕುಷ್ಟಗಿ ಮ್ಯಾಲ ವಿಜಯಪುರಕ್ಕ ಹೋಗೋ 50ನೇ ಹೆದ್ದಾರಿ, ಗದಗಿನಿಂದ ಕೊಪ್ಪಳ ಮ್ಯಾಲ ಹೊಸಪೇಟೆಗೆ ಹೋಗೋ 67ನೇದು, ಎರಡೂ ನುಣ್ಣಗಾಗ್ಯಾವ. ಆದ್ರ ಹುಣ್ಣಿಮಿ ಬಂದ್ರ ಹುಲಗಿ ಅಮ್ಮನ ಗುಡಿಗೆ ಮಂದಿ ನಡಕೋತ ಹೊಂಟಿರ್ತಾರ. ಗವಿಮಠದ ಜಾತ್ರಿಗೆ ಯಲಬುರ್ಗಾ, ಕುಷ್ಟಗಿ ಹಳ್ಳಿಗಳಿಂದ ರೊಟ್ಟಿ ತುಂಬಿದ ಟ್ರ್ಯಾಕ್ಟರ್ ಬರ್ತಾವ. ಗಂಗಾವತಿ ಕಡೆ ಭತ್ತದ ಸುಗ್ಗಿ ಬಂದ್ರ ಕೊಯ್ಯೋ ಮಷೀನು ಅರ್ಧ ರಸ್ತಾ ಹಿಡಿತೈತಿ. ಇವೆಲ್ಲ ಕಡೆ ಕಂಬ ನೆಟ್ಟು ಕ್ಯಾಮೆರಾ ಹಾಕೋದು ಆಗೋ ಮಾತಲ್ಲ. ಆ್ಯಪ್ ಮಾಡೋರು ಕ್ಯಾಮೆರಾ ಅಲರ್ಟ್ ತಿರುಗಿ ತರಲಿ, ಅದರ ಜೋಡಿ "ಮುಂದ ಊರೈತಿ, ಸಾಲಿ ಐತಿ" ಅನ್ನೋದನ್ನೂ ಸೇರಿಸಲಿ.

ನಾವೂ ಸುಮ್ಮನ ಕುಂತ್ರ ಆಗಂಗಿಲ್ಲ. ಆ್ಯಪ್‌ನ್ಯಾಗ ಅಭಿಪ್ರಾಯ ಬರಿಯೋ ಜಾಗ ಇರ್ತೈತಿ, ಕನ್ನಡದಾಗ ಎರಡು ಸಾಲು ಬರೀರಿ. ಅದು ಬರೂ ತನಕ ಬಾಜೂ ಸೀಟಿನ್ಯಾಗ ಕುಂತೋರು ಬಾಯಿ ಬಿಟ್ಟು ಹೇಳ್ರಿ. ಓಡಿಸೋರು ಸಿಟ್ಟಾದ್ರ ಆಗಲಿ ಬಿಡ್ರಿ, ಊರು ಮುಟ್ಟಿದ ಮ್ಯಾಲ ಚಾ ಕುಡದ್ರ ಇಳಿತೈತಿ.