ಖಾಲಿ ತಕ್ಕಡಿ ಎಷ್ಟು ತೋರಿಸುತ್ತದೆ?

ಹತ್ತಿ ಬರುವ ದಿನಗಳಲ್ಲಿ ಮಾನ್ವಿಯಲ್ಲೋ ರಾಯಚೂರಿನಲ್ಲೋ ತೂಕ ನಡೆಯುವ ಜಾಗದಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿ. ಪಳಗಿದ ರೈತ ಚೀಲವನ್ನು ತೂಕದ ಯಂತ್ರದ ಮೇಲೆ ಇಡುವ ಮುನ್ನ ಖಾಲಿ ಯಂತ್ರವನ್ನು ಒಮ್ಮೆ ದಿಟ್ಟಿಸುತ್ತಾನೆ. ಅಲ್ಲಿ ಸೊನ್ನೆ ಇದ್ದರೆ ಸರಿ. ಏನೂ ಇಡದೆಯೇ ಅದು ಏನನ್ನಾದರೂ ತೋರಿಸುತ್ತಿದ್ದರೆ ಜಗಳ ಅಲ್ಲಿಂದಲೇ ಶುರು. ವಿಜ್ಞಾನದ ಪಾಠದಲ್ಲಿ ಇದಕ್ಕೆ ಶೂನ್ಯ ದೋಷ ಎಂದು ಹೆಸರು. ಸ್ಕ್ರೂ ಗೇಜನ್ನು ಮಕ್ಕಳ ಕೈಗೆ ಕೊಟ್ಟಾಗ ಮೊದಲು ಹೇಳುವ ಮಾತೂ ಇದೇ: ತಂತಿಯ ದಪ್ಪ ಅಳೆಯುವ ಮೊದಲು ಬರಿಯ ಉಪಕರಣವನ್ನು ಮುಚ್ಚಿ, ಅದು ಎಷ್ಟು ತೋರಿಸುತ್ತದೆ ನೋಡಿರಿ. ದೋಷವಿದೆಯೆಂದು ಉಪಕರಣವನ್ನು ಎಸೆಯಬೇಕಿಲ್ಲ. ಎಷ್ಟು ದೋಷ, ಯಾವ ಕಡೆಗೆ ಎಂಬುದು ತಿಳಿದರೆ ಸಾಕು. ಕೂಡಿಸಿ ಕಳೆದು ಸರಿಯಾದ ಅಳತೆಯನ್ನು ಪಡೆಯಬಹುದು.

ನಾವು ದಿನವೂ ಎಷ್ಟು ಜನರನ್ನು ತೂಗುತ್ತೇವೆ! ಈ ಹುಡುಗ ಚುರುಕು, ಆ ಗುಮಾಸ್ತ ಸೋಮಾರಿ, ಈ ಗಿರಾಕಿ ಬಾಕಿ ತೀರಿಸುವವನಲ್ಲ, ಆ ಸೊಸೆಗೆ ಹಿರಿಯರೆಂದರೆ ಲೆಕ್ಕಕ್ಕಿಲ್ಲ. ತೂಗುವ ಯಂತ್ರ ನಾವೇ. ಖಾಲಿ ಇದ್ದಾಗ ಅದು ಎಷ್ಟು ತೋರಿಸುತ್ತದೆಂದು ನೋಡಿಕೊಂಡವರು ನಮ್ಮಲ್ಲಿ ಎಷ್ಟು ಮಂದಿ?

ಈ ವಾರ ಈ ಪ್ರಶ್ನೆಯನ್ನು ಎತ್ತಿಕೊಳ್ಳಲು ದೇವದುರ್ಗ ತಾಲ್ಲೂಕಿನ ಓದುಗರೊಬ್ಬರ ಪತ್ರ ಕಾರಣ. ಅವರು ಒಂದು ಕಚೇರಿಯಲ್ಲಿ ಆರೇಳು ಜನರ ಮೇಲ್ವಿಚಾರಕರು. ಕೈಕೆಳಗಿನವರು ಮನಸ್ಸಿಟ್ಟು ದುಡಿಯುವುದಿಲ್ಲ, ಸಭೆಯಲ್ಲಿ ಕೇಳಿದರೆ ಬಾಯಿ ಬಿಡುವುದಿಲ್ಲ, ಎರಡು ವರ್ಷದಲ್ಲಿ ಮೂವರು ವರ್ಗ ಮಾಡಿಸಿಕೊಂಡು ಹೋದರು ಎಂಬುದು ಅವರ ಕೊರಗು. "ದಿನಾಲೂ ಬೆಳಿಗ್ಗೆ ಹದಿನೈದು ನಿಮಿಷ ಕಣ್ಣು ಮುಚ್ಚಿ ಕುಳಿತು ಆತ್ಮಾವಲೋಕನ ಮಾಡಿಕೊಳ್ಳುತ್ತೇನೆ. ಪ್ರಾಮಾಣಿಕವಾಗಿ ಹೇಳುತ್ತೇನೆ, ನನ್ನಲ್ಲಿ ತಪ್ಪು ಕಾಣುತ್ತಿಲ್ಲ" ಎಂದು ಬರೆದಿದ್ದಾರೆ. ಅವರ ಪ್ರಾಮಾಣಿಕತೆಯ ಬಗ್ಗೆ ನನಗೆ ಅನುಮಾನವಿಲ್ಲ. ತೊಂದರೆ ಇರುವುದು ವಿಧಾನದಲ್ಲಿ. ದೋಷವುಳ್ಳ ತಕ್ಕಡಿಯನ್ನು ಅದೇ ತಕ್ಕಡಿಯಲ್ಲಿಟ್ಟು ತೂಗಲು ಬರುತ್ತದೆಯೇ? ತನ್ನ ಬೆನ್ನು ತನಗೆ ಕಾಣದು ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

ಖಗೋಳ ವಿಜ್ಞಾನದ ಇತಿಹಾಸದಲ್ಲಿ ಇದಕ್ಕೊಂದು ಒಳ್ಳೆಯ ನಿದರ್ಶನವಿದೆ. 18ನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ಗ್ರೀನಿಚ್ ವೀಕ್ಷಣಾಲಯದ ಮುಖ್ಯಸ್ಥರಾಗಿದ್ದವರು ನೆವಿಲ್ ಮಸ್ಕೆಲಿನ್. ಅವರ ಸಹಾಯಕ ಡೇವಿಡ್ ಕಿನ್ನೆಬ್ರೂಕ್. ದೂರದರ್ಶಕದೊಳಗೆ ಒಂದು ತೆಳುವಾದ ತಂತಿ. ನಕ್ಷತ್ರವು ಆ ತಂತಿಯನ್ನು ದಾಟುವ ಕ್ಷಣವನ್ನು ಗುರುತಿಸುವುದು ಕೆಲಸ. ಕಣ್ಣು ನಕ್ಷತ್ರದ ಮೇಲೆ, ಕಿವಿ ಗಡಿಯಾರದ ಟಿಕ್ ಟಿಕ್ ಸದ್ದಿನ ಮೇಲೆ. ಸೆಕೆಂಡಿನ ಹತ್ತನೆಯ ಒಂದು ಭಾಗದವರೆಗೆ ಅಂದಾಜು ಮಾಡಿ ಬರೆಯಬೇಕು. 1795ರಲ್ಲಿ ಸಹಾಯಕ ಬರೆಯುವ ಕಾಲ ತಮ್ಮದಕ್ಕಿಂತ ಅರ್ಧ ಸೆಕೆಂಡ್ ತಡವಾಗಿರುವುದು ಮಸ್ಕೆಲಿನ್ ಅವರ ಕಣ್ಣಿಗೆ ಬಿತ್ತು. ಎಚ್ಚರಿಕೆ ಕೊಟ್ಟರು. 1796ರ ಜನವರಿಯ ಹೊತ್ತಿಗೆ ಅಂತರ ಕಡಿಮೆಯಾಗುವ ಬದಲು 0.8 ಸೆಕೆಂಡಿಗೆ ಏರಿತ್ತು. ಇಷ್ಟಕ್ಕೇಕೆ ಅಷ್ಟು ಗಲಾಟೆ ಎನ್ನಬೇಡಿ. ಭೂಮಿ ತಿರುಗುವ ವೇಗದಲ್ಲಿ 0.8 ಸೆಕೆಂಡ್ ಎಂದರೆ ಭೂಮಧ್ಯರೇಖೆಯ ಮೇಲೆ ಸುಮಾರು 370 ಮೀಟರ್! ಕಿನ್ನೆಬ್ರೂಕ್ ಕೆಲಸ ಕಳೆದುಕೊಂಡರು.

ಇಪ್ಪತ್ತು ಮೂವತ್ತು ವರ್ಷಗಳ ನಂತರ ಪ್ರಷ್ಯಾದ ಕೋನಿಗ್ಸ್‌ಬರ್ಗ್ ವೀಕ್ಷಣಾಲಯದ ಬೆಸೆಲ್ ಎಂಬ ಖಗೋಳಜ್ಞರಿಗೆ ಈ ಪ್ರಸಂಗ ಓದಿ ಸಂಶಯ ಹುಟ್ಟಿತು. 1820ರ ದಶಕದಲ್ಲಿ ಅವರು ತಾವು ಬರೆದ ಕಾಲವನ್ನೂ ಇತರ ನುರಿತ ಖಗೋಳಜ್ಞರು ಬರೆದ ಕಾಲವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರು. ಒಬ್ಬರದು ಇನ್ನೊಬ್ಬರಿಗೆ ಹೊಂದಲಿಲ್ಲ. ಒಂದು ಜೋಡಿಯಲ್ಲಂತೂ ಅಂತರ ಒಂದು ಸೆಕೆಂಡನ್ನೂ ಮೀರಿತ್ತು. ಇವರಲ್ಲಿ ಯಾರೂ ಅಜಾಗರೂಕರಲ್ಲ, ಸೋಮಾರಿಗಳಲ್ಲ. ಪ್ರತಿಯೊಬ್ಬ ವೀಕ್ಷಕನಿಗೂ ಅವನದೇ ಆದ ಒಂದು ದೋಷ ಇರುತ್ತದೆ ಎಂಬುದು ಹೀಗೆ ಬೆಳಕಿಗೆ ಬಂತು. ಅದಕ್ಕೆ ‘ವೈಯಕ್ತಿಕ ಸಮೀಕರಣ’ ಎಂಬ ಹೆಸರು ಬಂತು. ಲೆಕ್ಕದಲ್ಲಿ ಅದನ್ನು ಸರಿದೂಗಿಸುವ ಕ್ರಮವೂ ಬಂತು. ಗಮನಿಸಿ: ಮಸ್ಕೆಲಿನ್ ದೊಡ್ಡ ವಿಜ್ಞಾನಿ. ಆದರೆ ತಮ್ಮ ಕಣ್ಣು ಕಿವಿಗಳಿಗೂ ಇಂಥದೊಂದು ದೋಷ ಇರಬಹುದೆಂಬ ಪ್ರಶ್ನೆ ಅವರಲ್ಲಿ ಏಳಲಿಲ್ಲ. ಇಬ್ಬರ ನಡುವೆ ಅಂತರ ಬಂದರೆ ತಪ್ಪು ಕೆಳಗಿನವನದೇ ಎಂದು ನಮ್ಮ ಕಚೇರಿಗಳಲ್ಲಿ ಈಗಲೂ ತೀರ್ಮಾನವಾಗುವುದಿಲ್ಲವೇ, ಹಾಗೆ. ಇನ್ನೊಂದು ಮಾತು. ಬೆಸೆಲ್ ಒಬ್ಬರೇ ಕುಳಿತು ಎಷ್ಟು ಯೋಚಿಸಿದ್ದರೂ ತಮ್ಮ ದೋಷ ಅವರಿಗೆ ಸಿಕ್ಕುತ್ತಿರಲಿಲ್ಲ. ಇನ್ನೊಬ್ಬರ ಲೆಕ್ಕ ಪಕ್ಕದಲ್ಲಿ ಬಂದಾಗಲೇ ಅದು ಕಂಡದ್ದು.

ನಕ್ಷತ್ರಗಳಿಂದ ನಮ್ಮ ತರಗತಿಗೆ ಇಳಿಯೋಣ. ಇಲ್ಲಿಯೂ ಪ್ರಶ್ನೆ ಸೆಕೆಂಡುಗಳದೇ. ಅಮೆರಿಕದಲ್ಲಿ ವಿಜ್ಞಾನ ಶಿಕ್ಷಣದ ಸಂಶೋಧನೆ ಮಾಡಿದ ಮೇರಿ ಬಡ್ ರೋ 1970ರ ದಶಕದಲ್ಲಿ ಶಿಕ್ಷಕರ ಪಾಠಗಳನ್ನು ಧ್ವನಿಮುದ್ರಿಸಿಕೊಂಡು ಒಂದು ಸರಳ ಸಂಗತಿಯನ್ನು ಅಳೆದರು. ಪ್ರಶ್ನೆ ಕೇಳಿದ ಮೇಲೆ ಉತ್ತರಕ್ಕಾಗಿ ಶಿಕ್ಷಕರು ಎಷ್ಟು ಹೊತ್ತು ಕಾಯುತ್ತಾರೆ? ಸರಾಸರಿ ಸುಮಾರು ಒಂದು ಸೆಕೆಂಡ್. ಅಷ್ಟರಲ್ಲಿ ಇನ್ನೊಬ್ಬರನ್ನು ಎಬ್ಬಿಸುತ್ತಾರೆ, ಇಲ್ಲವೇ ತಾವೇ ಉತ್ತರ ಹೇಳಿಬಿಡುತ್ತಾರೆ. ಜಾಣರೆಂದು ಭಾವಿಸಿದ ಮಕ್ಕಳಿಗೆ ಸ್ವಲ್ಪ ಹೆಚ್ಚು ಕಾಯುತ್ತಾರೆ, ದಡ್ಡರೆಂದು ಭಾವಿಸಿದವರಿಗೆ ಇನ್ನೂ ಕಡಿಮೆ. ಯೋಚಿಸಲು ಹೆಚ್ಚು ಹೊತ್ತು ಬೇಕಾದವನಿಗೆ ಕಡಿಮೆ ಹೊತ್ತು! ಕಾಯುವ ಅವಧಿಯನ್ನು ಮೂರು ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರಗಳು ಉದ್ದವಾದವು, ಮೌನ ಕಡಿಮೆಯಾಯಿತು, ಎಂದೂ ಬಾಯಿ ಬಿಡದವರೂ ಮಾತನಾಡತೊಡಗಿದರು.

ಇದನ್ನು ಕೇಳಿದ ಕಿರಿಯ ಸಹೋದ್ಯೋಗಿಯೊಬ್ಬರು ನಕ್ಕರು. ನೀರಮಾನ್ವಿಯ ಸುತ್ತಲಿನ ಹಳ್ಳಿಯೊಂದರ ಶಾಲೆಯಲ್ಲಿ ವಿಜ್ಞಾನ ಕಲಿಸುವವರು ಅವರು, ಶ್ರದ್ಧಾವಂತರು. "ಅದು ಅಮೆರಿಕದ ಮಾತ್ರೀ ಸರ. ನಾನು ಎಲ್ಲಾ ಹುಡುಗ್ರನ್ನೂ ಕೇಳ್ತೀನಿ, ಸಾಕಷ್ಟು ಟೈಮ್ ಕೊಡ್ತೀನಿ" ಎಂದರು. ಆದರೂ ಮನುಷ್ಯ ಹಠದವರು. ಮರುದಿನ ತಮ್ಮ ಮೊಬೈಲನ್ನು ಮೇಜಿನ ಮೇಲಿಟ್ಟು ಇಡೀ ಪಾಠವನ್ನು ಮುದ್ರಿಸಿಕೊಂಡರು. ರಾತ್ರಿ ಊಟವಾದ ಮೇಲೆ ಗಡಿಯಾರ ಹಿಡಿದು ಕೇಳಿದರೆ, ಹೆಚ್ಚಿನ ಪ್ರಶ್ನೆಗಳಿಗೆ ಎರಡು ಸೆಕೆಂಡೂ ಸಿಕ್ಕಿರಲಿಲ್ಲ. ಇನ್ನೊಂದು ಸಂಗತಿ ಅವರನ್ನು ಹೆಚ್ಚು ಕಾಡಿತು. ನಲವತ್ತು ನಿಮಿಷದಲ್ಲಿ ಅವರು ಕರೆದ ಹೆಸರುಗಳು ಬರೀ ನಾಲ್ಕು. ನಾಲ್ವರೂ ಮುಂದಿನ ಸಾಲಿನ ಹುಡುಗರು.

ಅವರ ಒಂಬತ್ತನೆಯ ತರಗತಿಯ ಹಿಂದಿನ ಸಾಲಿನಲ್ಲಿ ಒಬ್ಬ ಹುಡುಗಿ ಇದ್ದಳು. ಹತ್ತಿ ಬಿಡಿಸುವ ದಿನಗಳಲ್ಲಿ ಶಾಲೆಗೆ ಬರುತ್ತಿರಲಿಲ್ಲ. ಬಂದಾಗ ತುಟಿ ಬಿಚ್ಚುತ್ತಿರಲಿಲ್ಲ. ಮನೆಯವರು ಗುಳೆ ಹೋಗುವ ಯೋಚನೆಯಲ್ಲಿದ್ದರು, ಮಗಳನ್ನೂ ಕರೆದೊಯ್ಯುವವರಿದ್ದರು. ಅಪ್ಪ ಬಂದು ವಿಚಾರಿಸಿದಾಗ ಮೇಷ್ಟ್ರು "ಓದಿನ್ಯಾಗ ಅಷ್ಟಕ್ಕಷ್ಟೇ" ಎಂದು ಹೇಳಿ ಕಳಿಸಿದ್ದರು. ಆ ಮಾತು ಸುಳ್ಳೆಂದು ಅವರಿಗೆ ಅನ್ನಿಸಿರಲಿಲ್ಲ. ತಮ್ಮ ತಕ್ಕಡಿ ತೋರಿಸಿದ್ದನ್ನೇ ಹೇಳಿದ್ದರು. ಬಡವರ ಮನೆಯಲ್ಲಿ ಮೇಷ್ಟ್ರ ಇಂಥ ಒಂದು ಮಾತಿಗೆ ಎಷ್ಟು ಬೆಲೆ ಇರುತ್ತದೆ ಎಂಬುದು ನಮ್ಮ ಜಿಲ್ಲೆಯವರಿಗೆ ಹೇಳಬೇಕಾಗಿಲ್ಲ.

ಮುದ್ರಿಸಿದ್ದನ್ನು ಕೇಳಿದ ಮೇಲೆ ಅವರು ಪ್ರಶ್ನೆ ಕೇಳಿ ಮನಸ್ಸಿನಲ್ಲೇ ಐದರವರೆಗೆ ಎಣಿಸುವ ಅಭ್ಯಾಸ ಇಟ್ಟುಕೊಂಡರು. ಆವೀಕರಣದ ಪಾಠ. ಮಣ್ಣಿನ ಕೊಡದಲ್ಲಿ ನೀರು ಏಕೆ ತಣ್ಣಗಾಗುತ್ತದೆ? ಮುಂದಿನ ಸಾಲಿನವರು ಪುಸ್ತಕದ ವಾಕ್ಯ ಒಪ್ಪಿಸಿದರು. ಮೇಷ್ಟ್ರು ಈ ಸಲ ಮುಂದಕ್ಕೆ ಹೋಗದೆ ಹಿಂದಿನ ಸಾಲಿನ ಕಡೆ ನೋಡಿ ಸುಮ್ಮನೆ ನಿಂತರು. ಆ ಹುಡುಗಿ ತಡೆದು ತಡೆದು ಹೇಳಿದಳು: "ಎಲ್ಲಾ ಕೊಡದಾಗ ತಣ್ಣಗ ಆಗಂಗಿಲ್ರೀ ಸರ. ಹೊಸಾ ಕೊಡ ಬೆವರ್ತದ. ಹಳೀ ಕೊಡಕ್ಕ ಉಪ್ಪು ಹಿಡಿದು ತೂತು ಮುಚ್ಚಿರತಾವ." ರಂಧ್ರಗಳು, ಆವಿ, ನೀರಿನ ಲವಣ ಎಲ್ಲವೂ ಆ ಮೂರು ಮಾತಿನಲ್ಲಿತ್ತು. ನಮ್ಮ ಕಡೆಯ ಬಿಸಿಲಿನಲ್ಲಿ ದಿನವೂ ನೀರು ತುಂಬುವ ಮಗು ಕಂಡುಕೊಂಡದ್ದು, ಪುಸ್ತಕದಲ್ಲಿ ಇರಲಿಲ್ಲ. ಅವತ್ತೇ ಸಂಜೆ ಮೇಷ್ಟ್ರು ಅವಳ ಮನೆಗೆ ಹೋಗಿ ಹಿಂದೆ ಹೇಳಿದ ಮಾತನ್ನು ಹಿಂತೆಗೆದುಕೊಂಡು ಬಂದರು. ಮನೆಯವರು ಗುಳೆ ಹೋದರು. ಹುಡುಗಿ ಅಜ್ಜಿಯ ಹತ್ತಿರ ಉಳಿದಳು. ಈಗ ಹತ್ತನೆಯ ತರಗತಿಯಲ್ಲಿದ್ದಾಳೆ.

ಮಾನ್ವಿಯವರಿಗೆ ಇಲ್ಲಿ ಇನ್ನೊಬ್ಬರ ನೆನಪಾಗಿರಬೇಕು. ಹರಿಕಥಾಮೃತಸಾರದ ಕರ್ತೃ ಜಗನ್ನಾಥದಾಸರು ನಮ್ಮ ಮಾನ್ವಿಯವರೇ, 1809ರಲ್ಲಿ ತೀರಿಕೊಂಡರು. ದಾಸರಾಗುವ ಮುನ್ನ ಅವರು ಶ್ರೀನಿವಾಸಾಚಾರ್ಯರು, ಸಂಸ್ಕೃತದಲ್ಲಿ ದೊಡ್ಡ ವಿದ್ವಾಂಸರು. ಕನ್ನಡದಲ್ಲಿ ಹಾಡುವ ದಾಸರೆಂದರೆ ಅವರಿಗೆ ಹಗುರ. ವಿಜಯದಾಸರು ಊಟಕ್ಕೆ ಕರೆದಾಗ ಹೊಟ್ಟೆನೋವೆಂದು ನೆಪ ಹೇಳಿದರಂತೆ. ನೆಪದ ನೋವು ನಿಜವಾದ ನೋವೇ ಆಗಿ ಕಾಡಿತಂತೆ. ಕೊನೆಗೆ ಗೋಪಾಲದಾಸರ ಬಳಿಗೆ ಹೋಗಿ ಗುಣ ಕಂಡರಂತೆ. ಇದು ಪರಂಪರೆ ಹೇಳುವ ಕಥೆ. ಭಕ್ತರು ಇದನ್ನು ಕೇಳುವ ಬಗೆ ಬೇರೆ, ಅದನ್ನು ಅವರಿಗೇ ಬಿಡೋಣ. ನನಗೆ ಇದರಲ್ಲಿ ಹಿಡಿಸುವುದು ಎರಡು ಸಂಗತಿ. ಪಂಡಿತರಿಗೆ ಮದ್ದು ದೊರೆತದ್ದು ತಮ್ಮ ಗ್ರಂಥಗಳ ನಡುವೆ ಅಲ್ಲ. ಯಾರನ್ನು ಹಗುರವಾಗಿ ತೂಗಿದ್ದರೋ ಅವರ ಬಳಗದಲ್ಲೇ. ಮತ್ತೆ, ಅವರು ತಮ್ಮ ಪಾಂಡಿತ್ಯವನ್ನು ಎಸೆಯಲಿಲ್ಲ. ಅದನ್ನೆಲ್ಲ ಕನ್ನಡದ ಭಾಮಿನಿ ಷಟ್ಪದಿಗೆ ತಂದರು. ತಕ್ಕಡಿ ಅದೇ, ಸೊನ್ನೆ ಮಾತ್ರ ಸರಿಯಾಯಿತು.

ಈಗಿನ ಕಾಲದಲ್ಲಿ ಸ್ವಯಂ ಅರಿವಿನ ಹೆಸರಿನಲ್ಲಿ ಶಿಬಿರಗಳು ಬೇಕಾದಷ್ಟು ನಡೆಯುತ್ತವೆ. ಕನ್ನಡಿಯ ಮುಂದೆ ನಿಂತು ‘ನಾನು ಶ್ರೇಷ್ಠ’ ಎಂದು ಹತ್ತು ಸಲ ಹೇಳಿಸುವವರೂ ಇದ್ದಾರೆ. ಅದರಿಂದ ಧೈರ್ಯ ಬರಬಹುದೇನೋ, ಅರಿವು ಬರುವುದು ನನಗಂತೂ ಅನುಮಾನ. ಅಮೆರಿಕದ ಮನೋವಿಜ್ಞಾನಿ ತಾಶಾ ಯೂರಿಕ್ 2018ರ ಒಂದು ಲೇಖನದಲ್ಲಿ ಎರಡು ಬಗೆಯ ಅರಿವನ್ನು ಬೇರ್ಪಡಿಸಿದ್ದಾರೆ: ನಾವು ನಮ್ಮನ್ನು ಬಲ್ಲೆವು ಎಂಬುದು ಒಂದು, ಇತರರಿಗೆ ನಾವು ಹೇಗೆ ಕಾಣುತ್ತೇವೆ ಎಂಬುದನ್ನು ಬಲ್ಲೆವು ಎಂಬುದು ಇನ್ನೊಂದು. ಮೊದಲನೆಯದು ಇದ್ದವರಿಗೆಲ್ಲ ಎರಡನೆಯದು ಇರುತ್ತದೆ ಎನ್ನುವಂತಿಲ್ಲ. ಅನುಭವ ಮತ್ತು ಅಧಿಕಾರ ಹೆಚ್ಚಿದಂತೆ ತಮ್ಮ ಬಗೆಗಿನ ಅಂದಾಜು ತಪ್ಪುವ ಸಂಭವವೂ ಹೆಚ್ಚು ಎನ್ನುತ್ತಾರೆ ಅವರು. ಕಾರಣ ಊಹಿಸುವುದು ಕಷ್ಟವಲ್ಲ. ಮೇಲಕ್ಕೆ ಏರಿದಂತೆ ನಮಗೆ ನಿಜ ಹೇಳುವವರು ಕಡಿಮೆ.

ನಮ್ಮಲ್ಲಿ ಇದು ಇನ್ನೂ ಬಿಗಿ. ಹಿರಿಯರಿಗೆ ಎದುರಾಡಬಾರದು ಎಂದು ಕಲಿತು ಬೆಳೆದ ಮಕ್ಕಳೇ ಮುಂದೆ ಗುಮಾಸ್ತರು, ಜವಾನರು, ಕಿರಿಯ ಶಿಕ್ಷಕರು ಆಗುತ್ತಾರೆ. ಸಾಹೇಬರಿಗೆ ಅವರ ಬೆನ್ನಿನ ಮಸಿಯನ್ನು ತೋರಿಸುವವರು ಯಾರು? ಆದ್ದರಿಂದ ದೇವದುರ್ಗದ ಓದುಗರಿಗೆ ನಾನು ಹೇಳುವುದಿಷ್ಟು. ಬೆಳಗಿನ ಹದಿನೈದು ನಿಮಿಷವನ್ನು ಬಿಡಬೇಡಿ, ಮನಸ್ಸಿಗೆ ಶಾಂತಿಯಾದರೂ ಸಿಕ್ಕುತ್ತದೆ. ಆದರೆ ಅಲ್ಲಿ ನಿಮ್ಮ ದೋಷ ಸಿಕ್ಕಲಿಲ್ಲವೆಂದು ಹುಡುಕಾಟ ನಿಲ್ಲಿಸಬೇಡಿ. ಬಿಟ್ಟು ಹೋದ ಮೂವರಲ್ಲಿ ಒಬ್ಬರನ್ನು ಹುಡುಕಿಕೊಂಡು ಹೋಗಿ. ಅವರು ಈಗ ನಿಮ್ಮ ಕೈಕೆಳಗಿಲ್ಲ. ಹೆದರಬೇಕಾದ ಕಾರಣ ಕಡಿಮೆ. "ನನ್ನಲ್ಲಿ ಏನು ತಪ್ಪಿದೆ" ಎಂದು ಕೇಳಬೇಡಿ. ಅದಕ್ಕೆ ಯಾರೂ ಉತ್ತರ ಕೊಡುವುದಿಲ್ಲ. ಚಿಕ್ಕದಾಗಿ, ಅಳೆಯಬಹುದಾದ್ದನ್ನು ಕೇಳಿ: ಸಭೆಯಲ್ಲಿ ನಾನು ಎಷ್ಟು ಮಾತಾಡುತ್ತಿದ್ದೆ, ನೀವು ಎಷ್ಟು? ಕಾಗದ ತಂದಾಗ ನಾನು ತಲೆ ಎತ್ತಿ ನೋಡುತ್ತಿದ್ದೆನೇ? ಬೈಯುವುದಿದ್ದರೆ ಒಳಗೆ ಕರೆದು ಬೈಯುತ್ತಿದ್ದೆನೋ, ನಾಲ್ಕು ಜನರ ಮುಂದೋ?

ಮೊದಲ ಸಲ "ಏನೂ ಇಲ್ರೀ ಸಾಹೇಬ್ರ, ಎಲ್ಲಾ ಚಲೋ ಇತ್ತು" ಎಂಬ ಉತ್ತರವೇ ಬರುತ್ತದೆ. ಚಹಾ ತರಿಸಿ, ಬೇರೆ ಮಾತಾಡಿ, ಸ್ವಲ್ಪ ಬಿಟ್ಟು ಇನ್ನೊಮ್ಮೆ ಕೇಳಿ. ಅವರು ಬಾಯಿ ಬಿಟ್ಟಾಗ ಕಾರಣ ಹೇಳಲು ಹೋಗಬೇಡಿ. ಅವತ್ತು ಕೆಲಸದ ಒತ್ತಡ ಇತ್ತು, ಮೇಲಿನಿಂದ ಫೋನ್ ಬಂದಿತ್ತು ಎಂದೆಲ್ಲ ಶುರು ಮಾಡಿದರೆ ಆ ಬಾಯಿ ಮತ್ತೆ ತೆರೆಯುವುದಿಲ್ಲ. ಮನಸ್ಸಿನಲ್ಲೇ ಐದರವರೆಗೆ ಎಣಿಸಿ. ಅಷ್ಟರೊಳಗೆ ಅವರು ಇನ್ನೊಂದು ಮಾತು ಸೇರಿಸುತ್ತಾರೆ, ನೋಡಿ ಬೇಕಾದರೆ.